ಚುಕ್ಕೆ ಕಂಡರೆ ಮುಟ್ಟೇ?

ಈಥಿನೈಲ್ ಈಸ್ಟ್ರಡಯಾಲ್ ಎಂಬ ರಾಸಾಯನಿಕದ ಒಂದೇ ಒಂದು ಗ್ರಾಂ ಇದ್ದರೆ ಅದರಿಂದ 33,000ಕ್ಕೂ ಹೆಚ್ಚು ಮಾಲಾ-ಎನ್ ಗರ್ಭನಿರೋಧಕ ಗುಳಿಗೆ ಮಾಡಬಹುದು. ಒಬ್ಬಳೇ ಹೆಂಗಸು ಕ್ರಮವಾಗಿ ನುಂಗುತ್ತ ಹೋದರೆ 120 ವರ್ಷಕ್ಕೆ ಸಾಕಾಗುವಷ್ಟು. ಒಂದು ಗುಳಿಗೆಯಲ್ಲಿರುವುದು 30 ಮೈಕ್ರೋಗ್ರಾಂ ಮಾತ್ರ. ಅದರ ಜೊತೆಗೆ 150 ಮೈಕ್ರೋಗ್ರಾಂ ಲೆವೊನಾರ್ಜೆಸ್ಟ್ರೆಲ್. ಇಂಥ 21 ಬಿಳಿ ಗುಳಿಗೆ, ಅವು ಮುಗಿದ ಮೇಲೆ ನುಂಗಲು ಬೇರೆ ಬಣ್ಣದ 7 ಕಬ್ಬಿಣಾಂಶದ ಗುಳಿಗೆ, ಒಟ್ಟು 28ರ ಒಂದು ಪಟ್ಟಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದುಕೊಡುವ ವ್ಯವಸ್ಥೆ 2011ರಲ್ಲಿ ಶುರುವಾದಾಗ ಸರ್ಕಾರ ಒಂದು ಪಟ್ಟಿಗೆ 1 ರೂಪಾಯಿ ಎಂದು ಗೊತ್ತುಮಾಡಿತ್ತು.

ಒಂದು ರೂಪಾಯಿಯ ಈ ಪಟ್ಟಿ ಶಿರಾ ಸೀಮೆಯ ಕೆಲವು ಮನೆಗಳಲ್ಲಿ ತುಂಬಾ ದುಬಾರಿಯಾಗುತ್ತದೆ. ಕಾರಣ, ಗುಳಿಗೆ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವ ಹೊತ್ತಲ್ಲದ ಹೊತ್ತಿನ ರಕ್ತ.

ಶಿರಾ, ಮಧುಗಿರಿ, ಪಾವಗಡ, ಆಚೆಗೆ ಹಿರಿಯೂರು, ಚಳ್ಳಕೆರೆವರೆಗೆ ಹರಡಿಕೊಂಡಿರುವ ಗೊಲ್ಲರಹಟ್ಟಿಗಳನ್ನು, ಅಂದರೆ ಕಾಡುಗೊಲ್ಲರ ಬೇಲಿಯೊಳಗಿನ ಊರುಗಳನ್ನು, ಕಂಡವರಿಗೆ ಹಿನ್ನೆಲೆ ಹೇಳಬೇಕಾಗಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ದೊಡ್ಡ ದೈವ. ದೈವ ಹಟ್ಟಿಯೊಳಗೇ ಇರುವುದರಿಂದ ಮುಟ್ಟಾದವಳು ಹಟ್ಟಿಯೊಳಗೆ ಇರಕೂಡದು, ಮೂರರಿಂದ ಐದು ದಿನ ಹೊರಗಿನ ಗುಡಿಸಲಿನಲ್ಲಿರಬೇಕು ಎಂಬುದು ಹಳೆಯ ಕಟ್ಟಳೆ. ಬಾಣಂತಿಗೂ ಅದೇ. ತೀ.ನಂ. ಶಂಕರನಾರಾಯಣರಂಥ ಜಾನಪದ ವಿದ್ವಾಂಸರು ಈ ಸಂಪ್ರದಾಯಗಳನ್ನು ಹತ್ತಿರದಿಂದ ನೋಡಿ ದಾಖಲಿಸಿದ್ದಾರೆ. ಹಲವು ಹಟ್ಟಿಗಳಲ್ಲಿ ಕಟ್ಟಳೆ ಸಡಿಲವಾಗಿದೆ, ಕೆಲವು ಕಡೆ ಬಿಟ್ಟೇಹೋಗಿದೆ, ಕೆಲವು ಕಡೆ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಗಾಳಿಯ ನಡುವೆ ಊರಾಚೆಯ ಗುಡಿಸಲಲ್ಲಿ ಬಾಣಂತಿಯ ಜೊತೆಗಿದ್ದ ಹಸುಗೂಸು ಸತ್ತಾಗ ಪತ್ರಿಕೆಗಳೆಲ್ಲ ಬರೆದವು. ಮುಟ್ಟಾದವರನ್ನು, ಬಾಣಂತಿಯರನ್ನು ಹೀಗೆ ಊರ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯ ಪ್ರಕಾರ ಅಪರಾಧ.

ಗೊಲ್ಲರನ್ನಷ್ಟೇ ಬೆಟ್ಟು ಮಾಡುವುದು ಬೇಡ. ಶಿರಾ ಪೇಟೆಯ ಒಳಗೇ, ಓದಿದವರ ಮನೆಗಳಲ್ಲೂ, ‘ಹೊರಗಾದ’ ಸೊಸೆ ದೇವರ ಮನೆಗೆ, ಅಡುಗೆ ಮನೆಗೆ ಕಾಲಿಡದಿರುವುದು ಮಾಮೂಲು. ಹಟ್ಟಿಯಲ್ಲಿ ಬೇಲಿ ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಇಂಥ ಒಂದು ಮನೆಯ ಸೊಸೆಯನ್ನು ಊಹಿಸಿಕೊಳ್ಳಿ. ಮೊದಲ ಮಗುವಿಗೆ ಎರಡು ವರ್ಷ. ಇನ್ನೊಂದು ಈಗಲೇ ಬೇಡ. ಮುಟ್ಟಾದ ಐದನೇ ದಿನ ಮಾಲಾ-ಎನ್ ಶುರುಮಾಡಿದಳು. ಮುಟ್ಟು ನಿಂತಿತು, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಇನ್ನೊಂದು ವಾರಕ್ಕೆ ಬಟ್ಟೆಯಲ್ಲಿ ಕಂದು ಬಣ್ಣದ ಕಲೆ. ಹೇಳಿದರೆ ಮತ್ತೆ ಹೊರಗೆ. ಹೇಳದಿದ್ದರೆ ದೇವರ ಭಯ, ಅತ್ತೆಯ ಭಯ. ‘ಗುಳಿಗೆ ಒಗ್ಗಲಿಲ್ಲ’ ಎಂದುಕೊಂಡು ನಿಲ್ಲಿಸಿಬಿಡುತ್ತಾಳೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಕಲೆ ಹೋಗಿ ನಿಜವಾದ ಸ್ರಾವವೇ ಶುರುವಾಗುತ್ತದೆ! ಅದಕ್ಕೂ ಗುಳಿಗೆಯೇ ಕಾರಣವೆಂದು ಮನೆಯಲ್ಲಿ ತೀರ್ಮಾನವಾಗುತ್ತದೆ. ಗುಳಿಗೆ ನಿಲ್ಲಿಸಿದ್ದೇ ಕಾರಣ ಎಂದು ಅವಳಿಗೆ ಹೇಳುವವರು ಯಾರೂ ಇರುವುದಿಲ್ಲ.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ಗರ್ಭಕೋಶದ ಒಳಪೊರೆಯನ್ನು ನೋಡಬೇಕು.

ಹಾಗೆ ಅಕ್ಷರಶಃ ನೋಡಿದವನೊಬ್ಬನಿದ್ದ. ಅಮೆರಿಕದ ಜೆ.ಇ. ಮಾರ್ಕೀ ಎಂಬ ಅಂಗರಚನಾ ವಿಜ್ಞಾನಿ ಹೆಣ್ಣು ಕೋತಿಗಳ ಗರ್ಭಕೋಶದ ಒಳಪೊರೆಯ ಚೂರುಗಳನ್ನು ತೆಗೆದು ಅದೇ ಕೋತಿಯ ಕಣ್ಣಿನ ಮುಂಭಾಗದಲ್ಲಿ, ಪಾರದರ್ಶಕ ಕಾರ್ನಿಯಾದ ಹಿಂದೆ, ನೆಟ್ಟ. ಚೂರು ಅಲ್ಲಿ ಬೇರೂರಿತು. ಕೋತಿ ಮುಟ್ಟಾದಾಗಲೆಲ್ಲ ಕಣ್ಣಿನೊಳಗಿನ ಚೂರೂ ಮುಟ್ಟಾಯಿತು. ಕಿಟಕಿಯಲ್ಲಿ ನೋಡಿದ ಹಾಗೆ ಅವನು ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ 1940ರಲ್ಲಿ ಪ್ರಕಟಿಸಿದ. ಕೋತಿಯ ಪಾಡು ನೆನೆದರೆ ಕಸಿವಿಸಿಯಾಗುತ್ತದೆ. ಆದರೆ ಮುಟ್ಟಿನ ಬಗ್ಗೆ ಇಂದಿಗೂ ನಾವು ಹೇಳುವ ಎಷ್ಟೋ ಸಂಗತಿ ಆ ಕಣ್ಣುಗಳಿಂದಲೇ ಬಂದದ್ದು.

ಅವನು ಕಂಡದ್ದು ಇದು: ಒಳಪೊರೆಗೆ ರಕ್ತ ತರುವ ಸಣ್ಣ ಸಣ್ಣ ಅಪಧಮನಿಗಳು ಸುರುಳಿ ಸುತ್ತಿಕೊಂಡಿರುತ್ತವೆ. ರಕ್ತ ಕಾಣಿಸುವುದಕ್ಕೆ ಹಲವು ಗಂಟೆ ಮೊದಲೇ ಅವು ಬಿಗಿಯಾಗಿ ಕುಗ್ಗಿಬಿಡುತ್ತವೆ. ಪೊರೆಗೆ ರಕ್ತ ನಿಂತು ಅದು ಬಿಳುಚಿಕೊಳ್ಳುತ್ತದೆ, ಮೇಲಿನ ಭಾಗ ಸಾಯುತ್ತದೆ. ಆಮೇಲೆ ಒಂದೊಂದೇ ಸುರುಳಿ ಸಡಿಲಗೊಂಡು ರಕ್ತ ನುಗ್ಗುತ್ತದೆ, ಸತ್ತ ಪೊರೆಯನ್ನು ಕಳಚಿ ಹೊರಹಾಕುತ್ತದೆ. ಅಂದರೆ ಮುಟ್ಟು ಎಂಬುದು ಶಿಸ್ತಿನ ಕೆಲಸ. ಪೊರೆ ಹೆಚ್ಚುಕಡಿಮೆ ಇಡೀ ಒಮ್ಮೆಗೇ ಕಳಚುತ್ತದೆ, ಅಡಿಯಿಂದ ಹೊಸ ಚರ್ಮ ಬಂದು ಗಾಯ ಮಾಯುತ್ತದೆ, ಸ್ರಾವ ನಿಲ್ಲುತ್ತದೆ.

ಈ ಶಿಸ್ತಿಗೆ ಅಪ್ಪಣೆ ಕೊಡುವುದು ಎರಡು ಹಾರ್ಮೋನು. ತಿಂಗಳ ಮೊದಲರ್ಧದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಒಳಪೊರೆಯನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರಾನ್ ಅದನ್ನು ಬೆಳೆಯದಂತೆ ತಡೆದು ಗಟ್ಟಿಮಾಡಿ ನಿಲ್ಲಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಆ ಇಳಿತವೇ ಸುರುಳಿಗಳಿಗೆ ಸಂಕೇತ.

ಗುಳಿಗೆ ಈ ಏರಿಳಿತವನ್ನೇ ತೆಗೆದುಹಾಕುತ್ತದೆ. ಎರಡೂ ಹಾರ್ಮೋನುಗಳ ಕೃತಕ ರೂಪ ದಿನಾ ಒಂದೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುವುದರಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಅಪ್ಪಣೆ ಕಳಿಸುವುದನ್ನು ನಿಲ್ಲಿಸುತ್ತದೆ. ಅಂಡ ಬಿಡುಗಡೆಯಾಗುವುದಿಲ್ಲ. ಗುಳಿಗೆಯ ಪ್ರೊಜೆಸ್ಟಿನ್ ಅಂಶ (ಪ್ರೊಜೆಸ್ಟರಾನಿನ ಕೃತಕ ರೂಪ, ಇಲ್ಲಿ ಲೆವೊನಾರ್ಜೆಸ್ಟ್ರೆಲ್) ಮೊದಲ ದಿನದಿಂದಲೇ ಇರುವುದರಿಂದ ಒಳಪೊರೆ ಎಂದಿನಂತೆ ದಪ್ಪಗಾಗದೆ ತೆಳ್ಳಗೇ ಉಳಿಯುತ್ತದೆ. ಅದರ ಮೇಲ್ಮೈಯ ಸಣ್ಣ ರಕ್ತನಾಳಗಳು ಹಿಗ್ಗಿಕೊಂಡು, ಗೋಡೆ ತೆಳುವಾಗಿ, ಬೇಗ ಒಡೆಯುವಂತಾಗುತ್ತವೆ. ಮಣ್ಣಿನ ಗೋಡೆಗೆ ತೆಳುವಾಗಿ ಬಳಿದ ಗಾರೆ ಅಲ್ಲಲ್ಲಿ ಚಕ್ಕೆಯೇಳುವಂತೆ ಈ ಪೊರೆ ಇಲ್ಲೊಂದು ಕಡೆ, ಅಲ್ಲೊಂದು ಕಡೆ ಉದುರುತ್ತದೆ. ಬಟ್ಟೆಯಲ್ಲಿ ಕಾಣುವ ಚುಕ್ಕೆ ಅದೇ. ಸುರುಳಿ ಬಿಗಿಯುವುದಿಲ್ಲ, ಇಡೀ ಪೊರೆ ಕಳಚುವುದಿಲ್ಲ, ಅದಕ್ಕಿಂತ ಮುಂಚೆ ಅಂಡವೂ ಬಿಡುಗಡೆಯಾಗಿರುವುದಿಲ್ಲ. ಶರೀರಶಾಸ್ತ್ರದ ಯಾವ ಲೆಕ್ಕದಲ್ಲೂ ಅದು ಮುಟ್ಟಲ್ಲ.

ಹೊಸ ಹಾರ್ಮೋನಿನ ಮಟ್ಟಕ್ಕೆ ಪೊರೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ. ಮೊದಲ ತಿಂಗಳು ನೂರಕ್ಕೆ 10ರಿಂದ 30 ಮಂದಿಗೆ ಹೀಗೆ ಚುಕ್ಕೆ ಕಾಣಿಸುತ್ತದೆ ಎಂಬುದು ವೈದ್ಯಕೀಯ ಪಠ್ಯಗಳ ಅಂದಾಜು. ಮೂರನೇ ತಿಂಗಳ ಹೊತ್ತಿಗೆ ಅದು ಹತ್ತಕ್ಕಿಂತ ಕೆಳಗಿಳಿಯುತ್ತದೆ. ಗುಳಿಗೆ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಚುಕ್ಕೆ ಗುರುತಲ್ಲ. ತಪ್ಪದೆ ನುಂಗುತ್ತಿದ್ದರೆ ರಕ್ಷಣೆ ಇದ್ದೇ ಇದೆ.

ಈ ಚುಕ್ಕೆಗೂ ಗುಳಿಗೆಯ ಹುಟ್ಟಿಗೂ ಒಂದು ಸ್ವಾರಸ್ಯದ ನಂಟಿದೆ. 1950ರ ದಶಕದಲ್ಲಿ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಪರೀಕ್ಷಿಸುತ್ತಿದ್ದ ಮೊದಲ ಗುಳಿಗೆಯಲ್ಲಿ ಪ್ರೊಜೆಸ್ಟಿನ್ ಒಂದೇ ಇರಬೇಕಿತ್ತು. ತಯಾರಿಕೆಯ ಕೊಳೆಯಾಗಿ ಮೆಸ್ಟ್ರನಾಲ್ ಎಂಬ ಈಸ್ಟ್ರೋಜನ್ ಅದರಲ್ಲಿ ಸ್ವಲ್ಪ ಉಳಿದುಕೊಂಡಿರುವುದು ಗೊತ್ತಾದಾಗ ಕಂಪನಿಯವರು ಅದನ್ನು ಶುದ್ಧಗೊಳಿಸಿದರು. ಶುದ್ಧವಾದ ಗುಳಿಗೆ ನುಂಗಿದ ಹೆಂಗಸರಲ್ಲಿ ನಡುನಡುವೆ ರಕ್ತ ಕಾಣಿಸಿಕೊಳ್ಳುವುದು ಹೆಚ್ಚಾಯಿತು. ಕೊಳೆಯೆಂದು ತೆಗೆದದ್ದೇ ಪೊರೆಯನ್ನು ಹಿಡಿದು ನಿಲ್ಲಿಸಿತ್ತು! ಅದನ್ನು ಮತ್ತೆ, ಈ ಸಲ ಬೇಕೆಂದೇ, ಅಳೆದು ಸೇರಿಸಿದರು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಎನೋವಿಡ್ ಹೀಗೆ ಜೋಡಿ ಹಾರ್ಮೋನಿನ ಗುಳಿಗೆಯಾಯಿತು. ಮಾಲಾ-ಎನ್ ಅದರ ಮೊಮ್ಮಗಳು. ಎನೋವಿಡ್‌ನಲ್ಲಿ ಪ್ರೊಜೆಸ್ಟಿನ್ ಹತ್ತಿರಹತ್ತಿರ 10 ಮಿಲಿಗ್ರಾಂ ಇತ್ತು. ವಾಂತಿ, ತಲೆಸುತ್ತು, ರಕ್ತ ಹೆಪ್ಪುಗಟ್ಟುವ ಅಪಾಯ ಎಲ್ಲವೂ ಆಗ ಹೆಚ್ಚು. ಪ್ರಮಾಣ ಇಳಿದಂತೆ ಅಪಾಯ ಇಳಿಯಿತು, ಆದರೆ ಈಸ್ಟ್ರೋಜನ್ ಕಡಿಮೆಯಾದಷ್ಟೂ ಚುಕ್ಕೆ ಕಾಣುವ ಸಂಭವ ಜಾಸ್ತಿ. ಹೃದಯ, ರಕ್ತನಾಳಗಳ ಸುರಕ್ಷತೆಗೆ ತೆತ್ತ ಬೆಲೆ ಅದು. ನನ್ನ ಮಟ್ಟಿಗೆ ಒಳ್ಳೆಯ ವ್ಯಾಪಾರವೇ.

1956ರಲ್ಲಿ ಪೋರ್ಟೊ ರಿಕೊದಲ್ಲಿ ಎನೋವಿಡ್‌ನ ದೊಡ್ಡ ಪರೀಕ್ಷೆ ನಡೆದಾಗ ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ, ನೂರಕ್ಕೆ 17 ಮಂದಿ ವಾಂತಿ, ತಲೆನೋವು, ತಲೆಸುತ್ತು ಎನ್ನುತ್ತಿದ್ದಾರೆಂದು ವರದಿ ಕಳಿಸಿದರು. ಪಿಂಕಸ್ ಅದರಲ್ಲಿ ಬಹುಪಾಲನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದ. ಬಡ ಹೆಂಗಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ಚಾಳಿ ಅಲ್ಲಿಗೇ ನಿಲ್ಲಲಿಲ್ಲ. 1985ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರು ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನು ಪ್ರಯೋಗವೆಂದು ಸರಿಯಾಗಿ ತಿಳಿಸದೆ ಕೊಡಲು ಹೊರಟಾಗ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಇನ್ನು ಕಬ್ಬಿಣಾಂಶದ ಆ 7 ಗುಳಿಗೆಗಳ ವಿಷಯ. ಬಿಳಿ ಗುಳಿಗೆ ನಿಂತ ಎರಡು ಮೂರು ದಿನಕ್ಕೆ ಹಾರ್ಮೋನು ಇಳಿದು ಸ್ರಾವವಾಗುತ್ತದೆ. ಇದನ್ನು ಎಲ್ಲರೂ ಮುಟ್ಟು ಎನ್ನುತ್ತಾರೆ. ನಿಜವಾಗಿ ಇದೂ ಗುಳಿಗೆ ಬಿಟ್ಟದ್ದಕ್ಕೆ ಬಂದ ಸ್ರಾವ. ಹಾಗಾಗಿಯೇ ಕಡಿಮೆ ದಿನ, ಕಡಿಮೆ ರಕ್ತ, ಕಡಿಮೆ ಹೊಟ್ಟೆನೋವು. ತಿಂಗಳಿಗೊಮ್ಮೆ ರಕ್ತ ಕಂಡರೆ ಹೆಂಗಸರಿಗೆ ಧೈರ್ಯ, ಸಹಜವೆನಿಸುತ್ತದೆ ಎಂದು ಗುಳಿಗೆ ಕಂಡುಹಿಡಿದವರು ಹೀಗೆ ರೂಪಿಸಿದರು. ರಾಕ್ ನಿಷ್ಠಾವಂತ ಕ್ಯಾಥೊಲಿಕ್. ತನ್ನ ಗುಳಿಗೆ ಸಹಜ ಚಕ್ರದ ಮುಂದುವರಿಕೆ ಎಂದು ವಾದಿಸಿ ಚರ್ಚನ್ನು ಒಪ್ಪಿಸುವ ಆಸೆ ಅವನಿಗಿತ್ತು. ಪೋಪ್ 1968ರಲ್ಲಿ ಖಡಾಖಂಡಿತವಾಗಿ ಆಗದು ಎಂದರು. ಪೋಪ್ ಒಪ್ಪಲಿಲ್ಲ, ಏಳು ದಿನದ ಬಿಡುವು ಮಾತ್ರ ಉಳಿದುಕೊಂಡಿತು. ಈ ಬಿಡುವಿನಿಂದ ಆರೋಗ್ಯಕ್ಕೆ ವಿಶೇಷ ಲಾಭವೇನಿಲ್ಲ ಎಂದು ಬ್ರಿಟನ್ನಿನ ತಜ್ಞರ ಮಂಡಳಿ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಸಹಜವೆನಿಸಲೆಂದು ಅಮೆರಿಕದಲ್ಲಿ ಕಟ್ಟಿದ ಲೆಕ್ಕಾಚಾರ ಇಂದು ಶಿರಾದ ಹಟ್ಟಿಯಲ್ಲಿ ಒಬ್ಬಳು ಎಷ್ಟು ರಾತ್ರಿ ಹೊರಗೆ ಮಲಗಬೇಕೆಂದು ನಿರ್ಧರಿಸುತ್ತಿದೆ!

ಚುಕ್ಕೆಗೆ ಬೇರೆ ಕಾರಣಗಳೂ ಉಂಟು. ಅತಿ ಸಾಮಾನ್ಯವಾದದ್ದು ಮರೆವು. ಶೇಂಗಾ ಬಿಡಿಸುವ ಕಾಲದಲ್ಲಿ ಬೆಳಗಾಗುವ ಮುಂಚೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವಳಿಗೆ ಒಂದು ಗುಳಿಗೆ ತಪ್ಪುವುದು ದೊಡ್ಡ ಮಾತಲ್ಲ. ಒಂದು ತಪ್ಪಿದರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ ನುಂಗಬೇಕು. ಒಂದೇ ದಿನ ಎರಡಾದರೂ ತೊಂದರೆಯಿಲ್ಲ. ಎರಡು ಅಥವಾ ಹೆಚ್ಚು ಬಿಳಿ ಗುಳಿಗೆ ತಪ್ಪಿದ್ದರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬೇಕು. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಾಜೆಪಿನ್ ಮಾತ್ರೆಗಳು ಪಿತ್ತಜನಕಾಂಗವನ್ನು ಚುರುಕುಗೊಳಿಸಿ ಗುಳಿಗೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಇಲ್ಲಿ ಚುಕ್ಕೆ ನಿಜವಾದ ಎಚ್ಚರಿಕೆ. ಗರ್ಭ ನಿಂತರೂ ನಿಲ್ಲಬಹುದು. ಕ್ಷಯದ ಮಾತ್ರೆ ನುಂಗುವವಳು ಅದನ್ನು ಸಿಸ್ಟರ್‌ಗೆ ಹೇಳಲೇಬೇಕು.

ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ‘ಮುಂದಕ್ಕೆ ಹಾಕುವ ಮಾತ್ರೆ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದುಂಟಲ್ಲ, ಅದೂ ಒಂದು ಪ್ರೊಜೆಸ್ಟಿನ್, 5 ಮಿಲಿಗ್ರಾಂ ನಾರೆಥಿಸ್ಟರಾನ್. ಗರ್ಭನಿರೋಧಕ ಗುಳಿಗೆ ನಡೆಯುತ್ತಿರುವಾಗ ನಡುವೆ ಇದನ್ನೂ, 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆಯನ್ನೂ ತುರುಕಿದರೆ ತಿಂಗಳ ಲೆಕ್ಕ ಯಾರಿಗೂ ಸಿಗುವುದಿಲ್ಲ. ರಕ್ತ ನಿಲ್ಲಿಸಲೆಂದು ಟ್ರನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ತಾವಾಗಿಯೇ ತಂದು ಗುಳಿಗೆಯ ಜೊತೆ ನುಂಗುವುದು ಇನ್ನೂ ಕೆಟ್ಟದ್ದು. ಎರಡೂ ಸೇರಿದರೆ ರಕ್ತನಾಳದೊಳಗೆ ಹೆಪ್ಪುಗಟ್ಟುವ ಅಪಾಯ ಏರುತ್ತದೆ.

ಆರೋಗ್ಯ ಕೇಂದ್ರದಲ್ಲಿ ಈಗ ಮಾಲಾ-ಎನ್ ಒಂದೇ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾನಂದ್ ಮತ್ತು ಸಂಗಡಿಗರು ರೂಪಿಸಿದ, 1991ರಿಂದ ‘ಸಹೇಲಿ’ ಹೆಸರಿನಲ್ಲಿ ಮಾರಾಟವಾದ ಸೆಂಟ್‌ಕ್ರೋಮನ್, 2016ರಿಂದ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂತು. ಇದು ಹಾರ್ಮೋನೇ ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರುವಾದರೆ ಭಾನುವಾರ ಮತ್ತು ಬುಧವಾರ, ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಇದರ ತೊಡಕು ಮಾಲಾ-ಎನ್‌ಗೆ ತದ್ವಿರುದ್ಧ: ಮುಟ್ಟು ತಡವಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. ತಡವಾದರೆ ‘ಬಸುರಾದೆನೇ’ ಎಂಬ ದಿಗಿಲು. 15 ದಿನ ಮೀರಿದರೆ ಪರೀಕ್ಷೆ ಮಾಡಿಸಬೇಕು, ಅಷ್ಟೇ. ಹಾಲೂಡಿಸುವ ತಾಯಿಯೂ ಇದನ್ನು ನುಂಗಬಹುದು. ಮಗುವಿಗೆ ಆರು ತಿಂಗಳಾಗುವವರೆಗೆ ಹಾಲೂಡಿಸುವವಳಿಗೆ ಮಾಲಾ-ಎನ್ ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಚುಚ್ಚುಮದ್ದಿನಲ್ಲಿ ಮೊದಮೊದಲು ಹೊತ್ತುಗೊತ್ತಿಲ್ಲದ ಸ್ರಾವ, ಆಮೇಲೆ ಹಲವರಿಗೆ ಮುಟ್ಟೇ ನಿಂತುಹೋಗುತ್ತದೆ. ಹೊರಗೆ ಕೂರಬೇಕಾದ ಮನೆಯ ಸೊಸೆ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂಬುದಕ್ಕೂ ಬೆಂಗಳೂರಿನ ಉದ್ಯೋಗಸ್ಥೆಯ ಆಯ್ಕೆಗೂ ಒಂದೇ ಅಳತೆಗೋಲು ಆಗದು. ಕಟ್ಟಳೆಯ ಕಾಟಕ್ಕೆ ಗುಳಿಗೆಯಲ್ಲಿ ಪರಿಹಾರ ಹುಡುಕುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕಟ್ಟಳೆ ಹೋಗುವವರೆಗೆ ಅವಳು ಕಾಯಲಿ ಎನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರವೇ ತೆರೆಯಬೇಕೆಂದು 1930ರ ಜೂನ್‌ನಲ್ಲಿ ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ. ಜಗತ್ತಿನಲ್ಲೇ ಇದು ಮೊದಲು ಎನ್ನುತ್ತಾರೆ. ಶಿರಾ ಆಗ ಅದೇ ಸಂಸ್ಥಾನದ ಊರು. ಅಷ್ಟು ಮುಂಚೆ ಹೊರಟ ನಾಡಿನಲ್ಲಿ ಇಂದು ಕುಟುಂಬ ಯೋಜನೆ ಎಂದರೆ ಹೆಚ್ಚಿನವರಿಗೆ ‘ಆಪರೇಷನ್’ ಒಂದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗುಳಿಗೆ ಬಳಸುವವರು ನೂರಕ್ಕೆ 5, ಸಂತಾನಶಕ್ತಿಹರಣ ಮಾಡಿಸಿಕೊಂಡ ಹೆಂಗಸರು ಸುಮಾರು 38. ಕರ್ನಾಟಕದಲ್ಲಿ ಆಪರೇಷನ್ ಆದವರು ಅರ್ಧಕ್ಕಿಂತ ಹೆಚ್ಚು, ಗುಳಿಗೆಯ ಪಾಲು ತೀರಾ ಕಡಿಮೆ. ಗುಳಿಗೆ ಬಿಡುವುದಕ್ಕೆ ಎಲ್ಲ ಕಡೆಯೂ ಹೇಳುವ ಮುಖ್ಯ ಕಾರಣಗಳಲ್ಲಿ ಒಂದು ಇದೇ ಅಡ್ಡಾದಿಡ್ಡಿ ಸ್ರಾವ. ಸ್ರಾವ ಸರಿಯಿಲ್ಲವೆಂದು ಸಿಕ್ಕ ನರ್ಸಿಂಗ್ ಹೋಮಿಗೆ ಹೋದವರ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯಲ್ಲಿ ಸರ್ಕಾರಿ ತನಿಖೆಯವರೆಗೆ ಹೋದದ್ದೂ ನಮಗೆ ನೆನಪಿರಬೇಕು.

ಹಾಗೆಂದು ಎಲ್ಲ ರಕ್ತವನ್ನೂ ‘ಚುಕ್ಕೆ, ಬಿಡು’ ಎನ್ನಲಾಗದು. ಮೂರು ತಿಂಗಳು ಕಳೆದರೂ ನಿಲ್ಲದಿದ್ದರೆ, ಗಂಟೆಗೊಂದು ಬಟ್ಟೆ ತೊಯ್ಯುವಂತಿದ್ದರೆ, ಗಂಡ ಹೆಂಡಿರು ಕೂಡಿದ ಮೇಲೆ ರಕ್ತ ಕಂಡರೆ, ಕಿಬ್ಬೊಟ್ಟೆ ಹಿಂಡುವಂತೆ ನೋಯುತ್ತಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕು. ಒಂದೇ ಕಾಲು ಊದಿ ನೋವು, ಎದೆನೋವು, ಉಸಿರು ಕಟ್ಟುವುದು, ಕಣ್ಣು ಮಂಜಾಗಿ ವಿಪರೀತ ತಲೆನೋವು ಇದ್ದರೆ ಗುಳಿಗೆ ನಿಲ್ಲಿಸಿ ಆ ಗಳಿಗೆಯೇ ಹೊರಡಬೇಕು. ಬಿ.ಪಿ. ಇರುವವರು, 35 ದಾಟಿ ಬೀಡಿ ಸೇದುವವರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಮಾಲಾ-ಎನ್ ಶುರುಮಾಡಬಾರದು.

ಮೆಕ್ಸಿಕೋದ ಯುಕಟಾನ್ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನಮ್ಮ ‘ಅಂತರಾ’ದಂಥದ್ದೇ ಚುಚ್ಚುಮದ್ದು. ಒಂದು ಗುಂಪಿನ ಹೆಂಗಸರಿಗೆ ಸ್ರಾವ ಹೇಗೆ ಬದಲಾಗುತ್ತದೆ ಎಂದು ಮೊದಲೇ ಬಿಡಿಸಿ ಹೇಳಿದ್ದರು. ಇನ್ನೊಂದು ಗುಂಪಿಗೆ ಎಂದಿನ ಮಾತು ಮಾತ್ರ. ವರ್ಷದೊಳಗೆ ಬಿಟ್ಟವರು ಮೊದಲ ಗುಂಪಿನಲ್ಲಿ ನೂರಕ್ಕೆ 17, ಎರಡನೆಯದರಲ್ಲಿ 43. ಮದ್ದು ಅದೇ, ರಕ್ತವೂ ಅದೇ.

ಪಟ್ಟಿ ಹಂಚುವ ಆಶಾ ಅಕ್ಕಂದಿರಿಗೆ, ಸಿಸ್ಟರುಗಳಿಗೆ ನನ್ನದೊಂದು ಕೋರಿಕೆ. ‘ಮೊದಲ ಮೂರು ತಿಂಗಳು ನಡುವೆ ಕಲೆ ಕಾಣಬಹುದು, ಅದು ಮುಟ್ಟಲ್ಲ, ಗುಳಿಗೆ ಬಿಡಬೇಡ, ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು’ ಎಂಬ ಮಾತನ್ನು ಪಟ್ಟಿಯ ಜೊತೆಗೇ ಕೊಡಿ. ಸೊಸೆಗೆ ಮೊದಲು ಒಬ್ಬಳನ್ನೇ ಕೂರಿಸಿ ಹೇಳಿ. ಗುಳಿಗೆ ನುಂಗುವುದು ಮನೆಯವರಿಗೆ ಗೊತ್ತಿದ್ದು, ಅವಳು ಆಗಲಿ ಎಂದರೆ, ಅತ್ತೆಯ ಎದುರಿಗೂ ಒಮ್ಮೆ ಹೇಳಿ.